ಬೀದಿಯ ಹಾಡೂ ವಿದ್ಯುತ್ತಿನ ಪೇಟಿಯೂ

ವಿಮರ್ಶೆಯೆಂಬುದು ಅಚ್ಚಾದ ಪುಸ್ತಕಕ್ಕೆ, ಟಿಕೀಟು ಕೊಂಡು ನೋಡಿದ ನಾಟಕಕ್ಕೆ, ಸಭಾಗೃಹದಲ್ಲಿ ಕೇಳಿದ ಗಾಯನಕ್ಕೆ ಮಾತ್ರ ಸಲ್ಲತಕ್ಕುದೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಗುಡಿಗೆ ಹೋಗುವ ಹಾದಿಯ ಮಗ್ಗುಲಿಗೆ, ತೆಂಗಿನಕಾಯಿಯ ಅಂಗಡಿಗೂ ಚಹದ ಅಂಗಡಿಗೂ ನಡುವೆ ನಿಂತು ಹಾಡುವವನೊಬ್ಬನ ಹಾಡನ್ನು ಈ ಪುಟಗಳಲ್ಲಿ ವಿಮರ್ಶೆಗೆ ಎತ್ತಿಕೊಂಡರೆ ಕೆಲವರು ವಾಚಕರು ನಕ್ಕಾರು. ನಗಲಿ. ಮೂರು ಗುರುವಾರಗಳ ಸಂಜೆ ಅಲ್ಲಿ ನಿಂತು ಕೇಳಿದ ಮೇಲೆ, ಆ ಹಾಡಿನ ವಿಷಯದಲ್ಲಿ ಹೊಗಳಿಕೆಯ ಮಾತೂ ತೆಗಳಿಕೆಯ ಮಾತೂ ನನ್ನಲ್ಲಿ ಸಾಕಷ್ಟು ಕೂಡಿಬಿದ್ದಿವೆ. ಕರುಣೆಯಿಂದ ನಾಣ್ಯ ಹಾಕಿ ಮುಂದೆ ಸಾಗುವುದಕ್ಕಿಂತ, ನಿಂತು ಕೇಳಿ ತಪ್ಪು ಒಪ್ಪುಗಳನ್ನು ಹೇಳುವುದೇ ಆ ಹಾಡುಗಾರನಿಗೆ ಹೆಚ್ಚಿನ ಮರ್ಯಾದೆಯೆಂದು ನಾನು ಬಗೆಯುತ್ತೇನೆ.

ಕೇಳಲು ಹೋದ ಕಾರಣವನ್ನು ಮುಚ್ಚಿಡಲಾರೆ. ಏಳನೆಯ ಇಯತ್ತೆಗೆ ತತ್ತ್ವಪದಗಳ ವಿಷಯ ಹೇಳುತ್ತಿದ್ದೆ. ಶಿಶುನಾಳ ಶರೀಫ ಸಾಹೇಬರು 1819ರಿಂದ 1889ರ ವರೆಗೆ ಬಾಳಿದವರು, ಅವರ ಪದಗಳು ಅಚ್ಚಿನ ಮನೆಗಿಂತ ಮೊದಲು ಏಕತಾರಿಯವರ ಬಾಯಲ್ಲಿ ಊರೂರು ತಿರುಗಿದವು ಎಂದು ವಿವರಿಸುತ್ತಿದ್ದವನು, ಮಾತಿನ ಓಟದಲ್ಲಿ, “ಈಗಿನವರು ಏಕತಾರಿಯನ್ನು ಮೂಲೆಗೆ ಒಗೆದು ಕ್ಯಾಸಿಯೊ ಹಿಡಿದಿದ್ದಾರೆ, ಗುಂಡಿ ಒತ್ತುತ್ತಾರೆ, ಪೆಟ್ಟಿಗೆ ಹಾಡುತ್ತದೆ, ಇವರು ಬಾಯಿ ತೆರೆಯುತ್ತಾರೆ, ಅದು ಸಂಗೀತವಲ್ಲ, ಸಂತೆ” ಎಂದುಬಿಟ್ಟೆ. ಮಕ್ಕಳು ನಕ್ಕರು. ಹಿಂದಿನ ಸಾಲಿನ ಒಬ್ಬ ಹುಡುಗ ಮಾತ್ರ ನಗದೆ ಪುಸ್ತಕದೊಳಗೆ ಮುಖವಿಟ್ಟನು. ಅವನ ತಂದೆಯೇ ಆ ಹಾಡುಗಾರನೆಂದೂ, ಅಜ್ಜ ಚೌಡಿಕೆ ಹಿಡಿದು ಜಾತ್ರೆಗಳಲ್ಲಿ ಹಾಡುತ್ತಿದ್ದವನೆಂದೂ ಸಹೋದ್ಯೋಗಿಯೊಬ್ಬರಿಂದ ಆಮೇಲೆ ತಿಳಿಯಿತು. ಮರುದಿನ ಹುಡುಗ ಸಾಲೆಗೆ ಬಂದನು. ಪ್ರಶ್ನೆ ಕೇಳಿದರೆ ಉತ್ತರ ಹೇಳಲೊಲ್ಲನು. ನಾನು ಆ ಹಾಡನ್ನು ದಾಟಿಹೋಗುವಾಗ ಅರ್ಧ ಕಿವಿಯಿಂದ ಕೇಳಿದ್ದೆನೇ ಹೊರತು ನಿಂತು ಕೇಳಿದವನಲ್ಲ. ಕೇಳದೆ ತೀರ್ಪು ಕೊಟ್ಟಿದ್ದೆ. ಹೀಗೆಂದೇ ಹೋದೆ.

ಮೊದಲು ವಾದ್ಯದ ಮಾತು. ನಮ್ಮ ಕಡೆಯ ಜನ ‘ಕ್ಯಾಸಿಯೊ’ ಎನ್ನುವುದು ಒಂದು ಜಪಾನೀ ಕಂಪನಿಯ ಹೆಸರು. ಗಣಕಯಂತ್ರ, ಕೈಗಡಿಯಾರಗಳನ್ನು ಮಾಡುತ್ತಿದ್ದ ಆ ಕಂಪನಿ 1980ರಲ್ಲಿ ತನ್ನ ಮೊದಲನೆಯ ವಿದ್ಯುನ್ಮಾನ ವಾದ್ಯವನ್ನು ಮಾರುಕಟ್ಟೆಗೆ ತಂದಿತು. ಈಗ ಯಾವ ಕಂಪನಿಯದೇ ಇರಲಿ, ಕರಿ ಬಿಳಿ ಮನೆಗಳುಳ್ಳ ವಿದ್ಯುತ್ತಿನ ಪೇಟಿಯೆಲ್ಲ ಕ್ಯಾಸಿಯೊ ಎಂದೇ ಆಗಿಹೋಗಿದೆ. ನಮ್ಮ ಹಾಡುಗಾರನದು ವಾಸ್ತವವಾಗಿ ಯಮಹಾ ಕಂಪನಿಯದು, 61 ಮನೆಗಳದು, ಸೊಲ್ಲಾಪುರದಲ್ಲಿ ಹಳೆಯದನ್ನು ಕೊಂಡದ್ದು. ವಿದ್ಯುತ್ತಿನಿಂದ ನಾದ ಹುಟ್ಟಿಸುವ ಪ್ರಯತ್ನವೇನೋ ಹಳೆಯದೇ. ರಶಿಯದ ಲೆವ್ ಥೆರೆಮಿನ್ ಎಂಬ ವಿಜ್ಞಾನಿ 1920ರ ಸುಮಾರಿಗೇ, ಕೈಯಿಂದ ಮುಟ್ಟದೆ ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ವಾದ್ಯವೊಂದನ್ನು ಮಾಡಿದ್ದನು. ಅಮೇರಿಕೆಯ ರಾಬರ್ಟ್ ಮೂಗ್ 1964ರಲ್ಲಿ ತೋರಿಸಿದ ಯಂತ್ರ ಇನ್ನೂ ಸಮರ್ಥವಾದದ್ದು. ಆದರೆ ಇವೆಲ್ಲ ಪ್ರಯೋಗಶಾಲೆಯವು, ರಂಗಮಂದಿರದವು, ಸಿರಿವಂತರವು. ಬೀದಿಯ ಬಡವನ ಹೆಗಲಿಗೆ ವಿದ್ಯುತ್ತಿನ ವಾದ್ಯ ಬರಬೇಕಾದರೆ ಅದು ಹಗುರಾಗಬೇಕು, ಅಗ್ಗವಾಗಬೇಕು, ಗೋಡೆಯ ತಂತಿಯ ಹಂಗಿಲ್ಲದೆ ಬ್ಯಾಟರಿಯ ಮೇಲೆ ನಡೆಯಬೇಕು. ಈ ಮೂರೂ ಕೂಡಿಬಂದದ್ದು 1980ರ ನಂತರವೇ. ನಮ್ಮಲ್ಲಿಯೂ, ಬೆಂಗಳೂರಿನ ಜಿ. ರಾಜನಾರಾಯಣ ಅವರು 1979ರ ಸುಮಾರಿಗೆ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ಸಿದ್ಧಪಡಿಸಿದರು. ಅದರ ಪರಂಪರೆಯ ಪೆಟ್ಟಿಗೆಗಳು ಇಂದು ದೊಡ್ಡ ದೊಡ್ಡ ಗಾಯಕರ ಬೆನ್ನ ಹಿಂದೆ ಕುಳಿತು ನುಡಿಯುತ್ತಿವೆ. ಕಚೇರಿಯ ಗಾಯಕನ ಹಿಂದೆ ಯಂತ್ರ ಕುಳಿತರೆ ಅನುಕೂಲ, ಬೀದಿಯ ಗಾಯಕನ ಮುಂದೆ ಯಂತ್ರ ನಿಂತರೆ ಅಪಚಾರ! ನಮ್ಮ ರಸಿಕತೆಯ ಈ ಇಬ್ಬಂದಿತನವನ್ನು ನನ್ನ ಮೇಲೂ ಹೊರಿಸಿಕೊಂಡೇ ಹೇಳುತ್ತೇನೆ.

ಇನ್ನು, ಈಗ ನಾವು ಹಳೆಯದೆಂದು, ನಮ್ಮದೆಂದು ಅಪ್ಪಿಕೊಂಡಿರುವ ಪೇಟಿಯಾದರೂ ಎಲ್ಲಿಯದು? ಹಾರ್ಮೋನಿಯಂ ಹುಟ್ಟಿದ್ದು 1840ರ ದಶಕದ ಪ್ಯಾರಿಸ್ಸಿನಲ್ಲಿ. ನೆಲದಲ್ಲಿ ಕುಳಿತು ಕೈಯಿಂದ ಗಾಳಿ ಹಾಕಿ ನುಡಿಸುವ ರೂಪ ಬಂದದ್ದು 1875ರ ಸುಮಾರಿಗೆ ಕಲಕತ್ತೆಯಲ್ಲಿ. ರವೀಂದ್ರನಾಥ ಠಾಕೂರರಿಗೆ ಅದು ಸೇರುತ್ತಿರಲಿಲ್ಲ. ಆಕಾಶವಾಣಿಯವರು 1940ರಲ್ಲಿ ಅದನ್ನು ಬಹಿಷ್ಕರಿಸಿದರು. 1971ರ ವರೆಗೆ ಆ ಬಹಿಷ್ಕಾರ ಸಡಿಲಾಗಲಿಲ್ಲ. ಆ ಮೂವತ್ತೊಂದು ವರ್ಷವೂ ನಮ್ಮ ಭಜನೆಯ ಮೇಳಗಳು, ನಾಟಕದ ಕಂಪನಿಗಳು, ಕೀರ್ತನಕಾರರು ಪೇಟಿಯನ್ನು ಬಿಡಲೇ ಇಲ್ಲ. ಆದುದರಿಂದ ‘ಹೊರಗಿನದು’ ಎಂಬ ಆಕ್ಷೇಪಣೆಯನ್ನು ಇಲ್ಲಿಗೇ ಕೈಬಿಡೋಣ. ಆದರೆ ಅಂದಿನವರು ಹಾರ್ಮೋನಿಯಂ ಮೇಲೆ ಹೊರಿಸಿದ ಇನ್ನೊಂದು ದೋಷವಿದೆ. ಅದು ಕಿವಿಯ ಮಾತು, ಈ ಹೊಸ ಪೇಟಿಗೂ ಸಲ್ಲುವ ಮಾತು.

ಒಂದು ಸಪ್ತಕವನ್ನು 1200 ಸೂಕ್ಷ್ಮ ಭಾಗಗಳಾಗಿ ಮಾಡಿದೆವೆಂದು ಇಟ್ಟುಕೊಳ್ಳಿರಿ. ಪೇಟಿಯವರು ಹನ್ನೆರಡು ಮನೆಗಳನ್ನು ನೂರು ನೂರು ಭಾಗಗಳ ಅಂತರದಲ್ಲಿ, ಸಾಲಾಗಿ ನೆಟ್ಟ ಕಂಬಗಳಂತೆ ನಿಲ್ಲಿಸಿದ್ದಾರೆ. ಶುದ್ಧ ಗಾಂಧಾರ 400ನೆಯ ಭಾಗದಲ್ಲಿ ಬೀಳುತ್ತದೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಖರ್ಜದ ತಂತಿಯಿಂದ ತಾನಾಗಿಯೇ ಕೇಳಿಬರುವ ಗಾಂಧಾರವಾದರೋ 386ರ ಹತ್ತಿರದ್ದು. ಪಂಚಮದಲ್ಲಿ ಎರಡೇ ಭಾಗದ ವ್ಯತ್ಯಾಸ, ಕಿವಿಗೆ ತಾಕದು; ಗಾಂಧಾರದ ಹದಿನಾಲ್ಕು ಭಾಗ ತಾಕುತ್ತದೆ. ಮೇಲಾಗಿ, ಒಂದು ಮನೆಯಿಂದ ಇನ್ನೊಂದಕ್ಕೆ ಜಾರಿಹೋಗುವ ಮೀಂಡು ಪೇಟಿಯಲ್ಲಿಲ್ಲ. ವಿದ್ಯುತ್ತಿನ ಪೇಟಿಯಲ್ಲಿ ಎಡಗಡೆಗೆ ಒಂದು ಚಿಕ್ಕ ಗಾಲಿಯಿರುವುದುಂಟು. ಅದನ್ನು ತಿರುವಿದರೆ ಸ್ವರ ಮೇಲಕ್ಕೋ ಕೆಳಕ್ಕೋ ಬಾಗುತ್ತದೆ. ನಮ್ಮ ಹಾಡುಗಾರ ಅದನ್ನು ಬಲ್ಲನು. ಪದದ ನಡುವಣ ತುಣುಕುಗಳಲ್ಲಿ ಸನಾದಿಯ ಧ್ವನಿ ಇಟ್ಟುಕೊಂಡು, ಗಾಲಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಧೈವತದಿಂದ ಪಂಚಮಕ್ಕೆ ಇಳಿಯುವುದನ್ನು ಎರಡು ಸಲ ಕೇಳಿದೆ. ಸಾಮಾನ್ಯವಾಗಿ ಈ ಗಾಲಿ ಕೈಗೆ ಸಿಕ್ಕವರು ಎಳೆಯ ಮಗುವಿನ ಕೈಗೆ ಗಿಲಕಿ ಕೊಟ್ಟಂತೆ ಆಡುತ್ತಾರೆ. ಇವನಲ್ಲಿ ಆ ಚಾಪಲ್ಯ ಕಾಣಲಿಲ್ಲ. ತಂದೆಯ ಚೌಡಿಕೆಯ ತಂತಿ ಬಾಗುವುದನ್ನು ಚಿಕ್ಕಂದಿನಿಂದ ಕೇಳಿದ ಕಿವಿಯ ಸಂಸ್ಕಾರವೇ ಇದಾಗಿರಬೇಕು.

ಆದರೆ ಅದೇ ಸಂಜೆ, ಅದೇ ಕಿವಿಯುಳ್ಳವನು, ಎದೆ ಝಲ್ಲೆನ್ನುವಂಥ ತಪ್ಪನ್ನು ಮಾಡುತ್ತಿದ್ದನು. ಭೈರವಿಯ ಛಾಯೆಯಲ್ಲಿ ಒಂದು ತತ್ತ್ವಪದವನ್ನು ಎತ್ತಿಕೊಂಡನು. ಭೈರವಿಯಲ್ಲಿ ಗಾಂಧಾರ ಕೋಮಲವೆಂಬುದನ್ನು ಸಂಗೀತ ಬಲ್ಲ ಮಕ್ಕಳಿಗೆ ಹೇಳಬೇಕಾಗಿಲ್ಲ. ಈ ಪೇಟಿಗಳಲ್ಲಿ ಎಡಗೈಯ ಒಂದೇ ಮನೆ ಒತ್ತಿದರೆ ಅದರೊಡನೆ ಇನ್ನೆರಡು ಸ್ವರಗಳನ್ನು ಕೂಡಿಸಿ ಮೊಳಗಿಸುವ ಏರ್ಪಾಡು ಇರುತ್ತದೆ. ಷಡ್ಜ ಒತ್ತಿದರೆ ಕೂಡಿಬರುವುದು ಶುದ್ಧ ಗಾಂಧಾರ ಮತ್ತು ಪಂಚಮ. ಹೀಗಾಗಿ ಬಾಯಲ್ಲಿ ಕೋಮಲ, ಪೆಟ್ಟಿಗೆಯಲ್ಲಿ ಶುದ್ಧ. ಎರಡು ಗಾಂಧಾರಗಳು ಒಂದೇ ಕೋಣೆಯಲ್ಲಿ ಕೂಡಿಹಾಕಿದ ಸವತಿಯರಂತೆ ಹೊಡೆದಾಡುತ್ತಿದ್ದವು. ಕೈಯೆತ್ತಿದರೂ ಸುಖವಿಲ್ಲ, ಕೊನೆಗೆ ಒತ್ತಿದ ಸ್ವರಮೇಳವನ್ನೇ ಯಂತ್ರ ಹಟಹಿಡಿದು ನುಡಿಸುತ್ತಲೇ ಇರುತ್ತದೆ. ಮುಗಿದ ಮೇಲೆ ಹತ್ತಿರ ಹೋಗಿ, ಮೆಲ್ಲಗೆ, ಆ ಪದದಲ್ಲಿ ಪೆಟ್ಟಿಗೆ ನಿಮ್ಮ ಧ್ವನಿಗೆ ಎದುರಾಡುತ್ತದಲ್ಲ ಎಂದು ಕೇಳಿದೆ. “ಹೌದ್ರಿ ಗುರುಗಳ, ಕಿವಿಗೆ ಚುಚ್ಚತೈತಿ. ಆದರ ಯಾವ ಗುಂಡಿ ಒತ್ತಿದರ ಅದು ಸುಮ್ಮನಾಕೈತಿ ಗೊತ್ತಿಲ್ಲ. ಪುಸ್ತಕ ಇಂಗ್ಲೀಷಿನ್ಯಾಗ ಐತಿ” ಎಂದನು. ಈ ಉತ್ತರಕ್ಕೆ ನಾನು ಸಿದ್ಧನಾಗಿರಲಿಲ್ಲ. ಸಂಗೀತಜ್ಞಾನದ ಕೊರತೆಯೆಂದು ನಾನು ಎಣಿಸಿದ್ದು ಓದಿನ ಕೊರತೆಯಾಗಿತ್ತು. ಓದಿಸುವುದು ನನ್ನ ಕಸುಬು.

ಮುಂದಿನ ವಾರ ಹುಡುಗ ಬಟ್ಟೆಯ ಚೀಲದಲ್ಲಿ ಆ ಕೈಪಿಡಿಯನ್ನು ಸಾಲೆಗೆ ತಂದನು. ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೂ ಕುಳಿತು ಓದಿದೆವು. ‘ಎಸಿಎಂಪಿ’ ಎಂಬ ನಾಲ್ಕು ಅಕ್ಷರದ ಗುಂಡಿಯೊಂದಿದೆ. ಅದನ್ನು ಆರಿಸಿದರೆ ಸ್ವರಮೇಳ ನಿಲ್ಲುತ್ತದೆ, ತಾಳ ಮಾತ್ರ ಉಳಿಯುತ್ತದೆ. ಇದನ್ನು ಕಂಡುಹಿಡಿದದ್ದು ನಾನಲ್ಲ, ಹುಡುಗ.

ತಾಳದ ವಿಷಯ ಇಷ್ಟು ಸುಲಭವಾದುದಲ್ಲ. ಭಾರತದ ಮಾರುಕಟ್ಟೆಗೆಂದೇ ಮಾಡಿದ ಪೇಟಿಗಳಲ್ಲಿ ತಬಲೆಯ ಧ್ವನಿ, ತಂಬೂರಿಯ ಧ್ವನಿ, ಕೇರವಾ ದಾದರಾ ಮೊದಲಾದ ದೇಶೀ ಠೇಕೆಗಳು ತುಂಬಿ ಬರುತ್ತವೆ. ಠೇಕೆಯ ಎಣಿಕೆಯಲ್ಲಿ ಯಂತ್ರ ಎಂದೂ ತಪ್ಪದು. ಅದೇ ಅದರ ಕುಂದು. ತತ್ತ್ವಪದವೆಂದರೆ ಬರಿಯ ಹಾಡಲ್ಲ. ನುಡಿಯ ಕೊನೆಗೆ ನಿಂತು, ಒಗಟಿನ ಮಾತನ್ನು ಕೇಳುವವರ ಮುಂದೆ ಇಟ್ಟು, ಅವರ ಮುಖ ನೋಡಿ, ಬೇಕಾದರೆ ಎರಡು ಮಾತಿನ ಅರ್ಥ ಹೇಳಿ, ಮತ್ತೆ ಪಲ್ಲವಿಗೆ ಬರುವುದು ಅದರ ನಡೆ. ಮನುಷ್ಯನ ಕೈಯ ದಪ್ಪು ಆಗ ತಾನೂ ನಿಂತು ಕಾಯುತ್ತದೆ. ಯಂತ್ರದ ತಬಲೆ ಕಾಯುವುದಿಲ್ಲ. ಆದುದರಿಂದ ಹಾಡುಗಾರನೇ ಅದಕ್ಕೆ ಕಾಯಬೇಕು; ಅರ್ಥ ಹೇಳುವ ಮಾತನ್ನು ಎಂಟು ಮಾತ್ರೆಗಳಲ್ಲಿ ಮುಗಿಸಬೇಕು, ಇಲ್ಲವೆ ಬಿಡಬೇಕು. ಮೊದಲನೆಯ ಗುರುವಾರ ಕೇಳಿದ ಆರು ಪದಗಳಲ್ಲಿ ಐದರಲ್ಲಿ ಅವನು ಬಿಟ್ಟನು. ಅರ್ಥ ಉಳಿಯದ ಒಗಟು ಬರಿಯ ಕುಣಿತದ ಹಾಡಾಯಿತು. ಇಬ್ಬರು ಪೋರರು ಕುಣಿದರು ಸಹ.

ಆರನೆಯದರ ಮಾತು ಬೇರೆ. ಒಂಬತ್ತು ಗಂಟೆ ಸಮೀಪಿಸಿತ್ತು, ಜನ ಕರಗುತ್ತಿತ್ತು. ಅವನು ಠೇಕೆಯನ್ನು ಆರಿಸಿದನು. ಆರ್ಗನ್ನಿನ ಧ್ವನಿ ಇಟ್ಟು, ಷಡ್ಜದ ಮನೆ ಮೇಲೇಳದಂತೆ ಅದರ ಪಕ್ಕದ ಸಂದಿಯಲ್ಲಿ ಮಡಿಚಿದ ಕಾಗದದ ಚೂರನ್ನು ಸಿಕ್ಕಿಸಿದನು. ಪೇಟಿಯವರ ಹಳೆಯ ಉಪಾಯವಿದು. ಬೆಂಕಿಕಡ್ಡಿ ಸಿಕ್ಕಿಸುವವರನ್ನು ನೀವೂ ನೋಡಿರಬಹುದು. ಸಾವಿರಾರು ರೂಪಾಯಿಯ ಯಂತ್ರವನ್ನು ಹೀಗೆ ಒಂದು ಸೂರಪೇಟಿಯ ಮಟ್ಟಕ್ಕೆ ಇಳಿಸಿ, ಎರಡೂ ಕೈಗಳನ್ನು ಬಿಡುವು ಮಾಡಿಕೊಂಡು, ಬಲಗೈಯಿಂದ ಚಿಟಿಕೆ ಹಾಕುತ್ತ ಹಾಡಿದನು. ಇಲ್ಲಿ ಅವನು ನಿಂತಲ್ಲಿ ಹಾಡು ನಿಂತಿತು, ಅವನು ನಡೆದಲ್ಲಿ ನಡೆಯಿತು. ಸ್ವರದ ಕೊನೆಯನ್ನು ಗಂಟಲಲ್ಲಿಯೇ ತಿರುವಿ ಬಿಡುವ ಒಂದು ರೀತಿಯಿದೆ ಅವನಿಗೆ. ಅದು ಯಂತ್ರದ ಅಬ್ಬರದೊಳಗೆ ಇಷ್ಟು ಹೊತ್ತು ಮುಳುಗಿಹೋಗಿತ್ತು. ಅಕ್ಷರಗಳ ಉಚ್ಚಾರವಂತೂ ನಮ್ಮ ಕೆಲವರು ಶಿಕ್ಷಕರು ಕಲಿಯುವಷ್ಟು ಸ್ವಚ್ಛವಾಗಿತ್ತು. (ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಬೀದಿಯ ಹಾಡುಗಾರನು ಉಳಿಸಿಕೊಂಡು ನಾವು ಕಳೆದುಕೊಂಡದ್ದು ಹೇಗೋ!) ಇವನ ಕಲೆಯ ಗಟ್ಟಿ ನೆಲ ಇದೇ ಎಂದು ನಾನು ಸಂಕೋಚವಿಲ್ಲದೆ ಹೇಳಬಲ್ಲೆ.

ಹಾಗಿದ್ದರೆ ಯಂತ್ರದ ತಾಳವೇಕೆ? ಎರಡನೆಯ ಗುರುವಾರ ಕೇಳಿದೆ. ಚಹ ಕುಡಿಯುತ್ತ ಅವನು ಹೇಳಿದ್ದು ಇಷ್ಟು: “ನಮ್ಮಪ್ಪ ಹಾಡುವಾಗ ನಾಕು ಮಂದಿ ಇದ್ದರ್ರಿ. ಚೌಡಿಕಿ ಒಬ್ಬ, ತಾಳ ಒಬ್ಬ, ಹಿಂದ ಹಾಡಾಕ ಇಬ್ಬರು. ನನ್ನ ಜೋಡಿ ನಮ್ಮ ತಮ್ಮ ದಪ್ಪು ಹಿಡೀತಿದ್ದ. ಅಂವ ಪುಣೇಕ್ಕ ಕೆಲಸಕ್ಕ ಹ್ವಾದ. ಸಿಕ್ಕ ರೊಕ್ಕ ಒಬ್ಬರ ಹೊಟ್ಟಿಗೇ ಸಾಲಂಗಿಲ್ಲ, ಇನ್ನೊಬ್ಬನ್ನ ಎಲ್ಲಿಂದ ತರಲಿ? ಈ ಪೆಟಿಗಿ ಕೂಲಿ ಕೇಳಂಗಿಲ್ಲ.” ಆ ಯಂತ್ರ ಏಕತಾರಿಯ ಜಾಗಕ್ಕೆ ಬಂದದ್ದೆಂದು ನಾನು ವರ್ಗದಲ್ಲಿ ಹೇಳಿದ್ದೆ. ತಪ್ಪು. ಅದು ಬಂದದ್ದು ತಮ್ಮನ ಜಾಗಕ್ಕೆ.

ಈ ಮಾತನ್ನು ಕೇಳಿದ ಮೇಲೆ ಹಾಡಿನಲ್ಲಿ ನಿಜವಾಗಿ ಕಳೆದುಹೋದದ್ದೇನೆಂಬುದು ಸ್ಪಷ್ಟವಾಯಿತು. ಕಳೆದದ್ದು ತಂತಿಯಲ್ಲ, ಹಿಮ್ಮೇಳ. ಗೀಗೀ ಪದದಲ್ಲಿ ‘ಜೀ’ ಎನ್ನುವವರಿಲ್ಲದೆ, ಗೊಂದಲಿಗರ ಕಥೆಯಲ್ಲಿ ಹೂಂಗುಟ್ಟುವವನಿಲ್ಲದೆ ಮುಂದಿನ ಮಾತು ಹೊರಡದು. ಯಂತ್ರದ ತಬಲೆ ಪೆಟ್ಟು ಕೊಡುತ್ತದೆ, ಓಗೊಡುವುದಿಲ್ಲ. ನಮ್ಮ ಹಾಡುಗಾರ ಈ ಬರಿದನ್ನು ತುಂಬುವುದಕ್ಕೆ ಸಿನಿಮಾ ಸಂಗೀತದ ಪಿಟೀಲುಗಳ ಧ್ವನಿಯನ್ನು ಪಲ್ಲವಿಯ ಕೊನೆಗೆ ಸುರಿಯುತ್ತಾನೆ. ಅದು ಬೇಡವಾಗಿತ್ತು. ಬರಿದನ್ನು ಬರಿದಾಗಿಯೇ ಬಿಟ್ಟರೆ ಕೇಳುವವರೊಳಗಿಂದ ಯಾರಾದರೂ ಓಗೊಟ್ಟಾರು. ಬೀದಿಯ ಹಾಡಿಗಿರುವ ಭಾಗ್ಯವೇ ಅದು, ಕೇಳುವವರು ಮೂರು ಮೊಳದ ಅಂತರದಲ್ಲಿ ನಿಂತಿರುತ್ತಾರೆ.

ಬೀದಿಯಲ್ಲಿ ನಿಲ್ಲುವುದೆಂದೆನಲ್ಲ, ಅದರಲ್ಲಿಯೂ ಒಂದು ತೊಡಕಿದೆ. ವಿಮರ್ಶಕನಿಗೆ ಸಂಬಂಧವಿಲ್ಲದ್ದೆಂದು ಬಿಡುವಂತಿಲ್ಲ. ಮುಂಬಯಿ ರಾಜ್ಯದ ಕಾಲಕ್ಕೆ 1959ರಲ್ಲಿ ಆದ ಭಿಕ್ಷಾಟನ ಪ್ರತಿಬಂಧಕ ಕಾಯಿದೆ ಮಹಾರಾಷ್ಟ್ರಕ್ಕೆ ಬಂದಿದೆ. ಅದರಲ್ಲಿ ಭಿಕ್ಷೆಯ ಲಕ್ಷಣ ಹೇಳುವಾಗ, ಹಾಡುವ, ಕುಣಿಯುವ, ಭವಿಷ್ಯ ಹೇಳುವ ನೆವದಿಂದ ಸಾರ್ವಜನಿಕ ಸ್ಥಳದಲ್ಲಿ ದಾನ ಪಡೆಯುವುದನ್ನೂ ಒಳಗೊಂಡಿಸಿದ್ದಾರೆ. ದಿಲ್ಲಿಯ ಉಚ್ಚನ್ಯಾಯಾಲಯ 2018ರಲ್ಲಿ, ಭಿಕ್ಷೆಯನ್ನು ಅಪರಾಧವೆನ್ನುವ ಅದರ ಕಲಮುಗಳನ್ನು ದಿಲ್ಲಿಯ ಮಟ್ಟಿಗೆ ರದ್ದುಮಾಡಿತು. ಆ ತೀರ್ಪು ನಮ್ಮ ಕಡೆಗೆ ಅನ್ವಯಿಸುವುದಲ್ಲ. ಲಂಡನ್ನಿನ ನೆಲದಡಿಯ ರೈಲು ನಿಲ್ದಾಣಗಳಲ್ಲಿ 2003ರಿಂದ ಹಾಡುಗಾರರನ್ನು ಪರೀಕ್ಷಿಸಿ, ಪರವಾನಿಗೆ ಕೊಟ್ಟು, ನಿಲ್ಲಲು ಗೊತ್ತಾದ ಜಾಗ ಕೊಡುತ್ತಾರೆ. ಮಧುಕರ ವೃತ್ತಿಯನ್ನು ಹಾಡಿಹೊಗಳಿದ ಹರಿದಾಸರ ನಾಡಿನಲ್ಲಿ, ತಂಬೂರಿ ಹಿಡಿದು ಮನೆಮನೆಗೆ ಹೋದವರನ್ನು ಪಾಠಪುಸ್ತಕದಲ್ಲಿಟ್ಟು ಪೂಜಿಸುವ ನಾವು, ಪೆಟ್ಟಿಗೆ ಹಿಡಿದು ನಿಂತವನನ್ನು ಯಾವ ಸಾಲಿನಲ್ಲಿ ಇಡುತ್ತೇವೆ? ಹಾಡು ಬರಿಯ ನೆವವೋ ಅಥವಾ ಹಾಡೇ ಮುಖ್ಯವೋ ಎಂದು ಪೋಲೀಸರು ಹೇಳಲಾರರು. ಕೇಳಿದವರು ಹೇಳಬೇಕು.

ಇದೇ ಹೊತ್ತಿಗೆ ಬ್ಯಾಂಜೊ ಪಾರ್ಟಿಗಳ ವಿಷಯ ಒಂದು ಮಾತು. ಗಣಪತಿಯ, ಜಯಂತಿಗಳ, ಮದುವೆಯ ಮೆರವಣಿಗೆಗಳಲ್ಲಿ ಗಾಡಿಯ ಮೇಲೆ ವಿದ್ಯುತ್ತಿನ ಬ್ಯಾಂಜೊ, ಪೇಟಿ, ಆಕ್ಟೋಪ್ಯಾಡುಗಳನ್ನು ಏರಿಸಿಕೊಂಡು ಬರುವುದನ್ನು ಸೊಲ್ಲಾಪುರ ಜಿಲ್ಹೆಯಲ್ಲಿ ನೋಡದವರಾರು? ಆ ಬ್ಯಾಂಜೊದ ಮೂಲ ಜಪಾನಿನ ತೈಶೋಗೊತೊ. 1912ರಲ್ಲಿ ನಾಗೋಯಾ ಪಟ್ಟಣದಲ್ಲಿ ಹುಟ್ಟಿ, ನಮ್ಮಲ್ಲಿ ಬುಲ್‌ಬುಲ್ ತರಂಗವಾಗಿ, ಆಮೇಲೆ ವಿದ್ಯುತ್ತು ಕೂಡಿಸಿಕೊಂಡು ಬೀದಿಗೆ ಇಳಿಯಿತು. ಅದರಲ್ಲಿ ಒಳ್ಳೆಯ ಕೈಗಳಿಲ್ಲವೆಂದಲ್ಲ. ಆದರೆ ಅದು ಎದೆಗೂಡನ್ನು ಗುದ್ದುವ ಸಪ್ಪಳ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಯ ಭಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ಲುಗಳ ಮಿತಿಯಿದೆ, ಸಾಲೆಯ ಸುತ್ತಲಿನ ನೂರು ಮೀಟರು ಶಾಂತತೆಯ ವಲಯವಾಗತಕ್ಕದ್ದು. ಮೆರವಣಿಗೆಯ ದಿನ ಈ ಅಂಕಿಗಳನ್ನು ಯಾರೂ ನೆನೆಯುವುದಿಲ್ಲ. ನಮ್ಮ ಹಾಡುಗಾರನ ಧ್ವನಿವರ್ಧಕ ಅಂಗೈಯಗಲದ್ದು. ಆದರೂ ಚಹದ ಅಂಗಡಿಯ ರೇಡಿಯೋದೊಡನೆ ಪೈಪೋಟಿಗೆ ಬಿದ್ದು ಅವನು ಅದನ್ನು ಅದರ ಶಕ್ತಿ ಮೀರಿ ಏರಿಸುತ್ತಾನೆ. ಆಗ ಶಕಾರ ಸಕಾರಗಳೆಲ್ಲ ಒಡೆದು ಸೀಳುತ್ತವೆ. ಅಷ್ಟು ಸ್ವಚ್ಛವಾದ ಉಚ್ಚಾರವುಳ್ಳವನಿಗೆ ಇದು ತನ್ನ ಕೈಯಿಂದಲೇ ಆದ ನಷ್ಟ.

ನನಗೆ ಎಲ್ಲಕ್ಕೂ ಹೆಚ್ಚು ನಟ್ಟ ಮಾತು ಪದಗಳ ಕ್ರಮ. ಆರು ಗಂಟೆಗೆ ಮರಾಠಿ ಅಭಂಗಗಳಿಂದ ಆರಂಭ. ಏಳಕ್ಕೆ ಹಿಂದಿ ಸಿನಿಮಾದ ಭಕ್ತಿಗೀತಗಳು. ಕನ್ನಡ ಬರುವುದು ಎಂಟೂವರೆಯ ಮೇಲೆ, ಜನ ತೆಳುವಾದಾಗ. ಅಭಂಗಗಳನ್ನು ಅವನು ಚೆನ್ನಾಗಿಯೇ ಹಾಡುತ್ತಾನೆ; ಪಂಢರಪುರದ ವಿಠ್ಠಲ ನಮಗೂ ಅವರಿಗೂ ಒಬ್ಬನೇ. ನನ್ನ ತಕರಾರು ಮರಾಠಿಯ ಮೇಲಲ್ಲ, ಕನ್ನಡವನ್ನು ಉಳಿದ ಹೊತ್ತಿಗೆ ಇಟ್ಟದ್ದರ ಮೇಲೆ. ಕೇಳಿದರೆ, “ಮೊದಲ ಮಂದಿ ನಿಂದ್ರಬೇಕಲ್ರಿ ಗುರುಗಳ. ನಿಂತ ಮ್ಯಾಲ ನಮ್ಮದು ಹಾಡತೀನಿ” ಎಂದನು. ಆದರೆ ಮಂದಿ ನಿಂತ ಹೊತ್ತಿನಲ್ಲಿ ಅವನು ‘ನಮ್ಮದು’ ಹಾಡುವುದಿಲ್ಲ, ಹೋದ ಮೇಲೆ ಹಾಡುತ್ತಾನೆ. ಎರಡನೆಯ ಗುರುವಾರ, ಯಂತ್ರವನ್ನು ಆರಿಸಿ ಹಾಡಿದ ಆ ಪದಕ್ಕೆ ನಿಂತವರು ಒಟ್ಟು ಹನ್ನೊಂದು ಮಂದಿ. ಅವರಲ್ಲಿ ನಾಲ್ವರು ಕನ್ನಡ ಬಾರದ ಯಾತ್ರಿಕರ ಒಂದು ಕುಟುಂಬ. ಪದ ಮುಗಿಯುವ ವರೆಗೂ ಅವರು ಕದಲಲಿಲ್ಲ. ಇದನ್ನು ಅವನಿಗೆ ಹೇಳಿದೆ. ಏಳು ಗಂಟೆಗೆ, ಗುಡಿಯಿಂದ ಜನ ಹೊರಬೀಳುವಾಗ, ಠೇಕೆಯಿಲ್ಲದೆ ಒಂದು ತತ್ತ್ವಪದ ಹಾಡಿನೋಡಿ ಎಂದೆ. ನಕ್ಕನು. ಆ ಹೊತ್ತಿನ ಅರ್ಧ ಗಂಟೆಯಲ್ಲಿಯೇ ದಿನದ ಗಳಿಕೆಯ ಹೆಚ್ಚುಪಾಲು ಬರುವುದೆಂದು ತಿಳಿಸಿದನು. ನನ್ನ ಸಂಬಳ ತಿಂಗಳಿಗೊಮ್ಮೆ ತಪ್ಪದೆ ಬರುವುದು ಆಗ ನನಗೆ ನೆನಪಾಯಿತು, ಮಾತು ಬೆಳೆಸಲಿಲ್ಲ. ಆದರೂ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಾರೆ.

ಮೂರನೆಯ ಗುರುವಾರ ಭೈರವಿಯ ಪದ ಬಂದಾಗ ಸ್ವರಮೇಳ ಇರಲಿಲ್ಲ. ಬರಿಯ ಠೇಕೆ, ಮೇಲೆ ಧ್ವನಿ. ಕೋಮಲ ಗಾಂಧಾರ ಬೀದಿಯಲ್ಲಿ ಮೊದಲನೆಯ ಸಲ ತನ್ನ ಜಾಗದಲ್ಲಿ ನಿಂತು ಕೇಳಿಸಿತು. ಹುಡುಗ ಪೇಟಿಯ ಎಡಗಡೆಗೆ ನಿಂತಿದ್ದನು. ಪಿಟೀಲಿನ ಧ್ವನಿಗಳು ಮಾತ್ರ ಎಂದಿನಂತೆಯೇ ಸುರಿದವು. ಅದನ್ನು ಬಿಡಲು ಅವನಿಗೆ ಮನಸ್ಸಿಲ್ಲ, ಜನಕ್ಕೆ ಸೇರುತ್ತದಂತೆ. ಕನ್ನಡ ಎಂಟೂವರೆಗೇ ಬಂದಿತು. ಕ್ರಮ ಬದಲಿಸುವ ಮಾತನ್ನು ಶ್ರಾವಣದಲ್ಲಿ ನೋಡೋಣವೆಂದು ಹೇಳಿದ್ದಾನೆ. ಆಗ ನಮ್ಮ ಕಡೆಯ ಹಳ್ಳಿಗಳ ಜನ ಹೆಚ್ಚು ಬರುತ್ತಾರಂತೆ.